ಹಾರ್ಡ್ ಡಿಸ್ಕಿನ ಹರಾಜು

ನಮ್ಮೂರಿಗೆ ಹೆಣ್ಣು ಕೊಡುವವರು ಹುಡುಗನ ಮುಖ ನೋಡುವ ಮೊದಲು ಅವನ ಮನೆಯ ಅಟ್ಟ ನೋಡುತ್ತಾರೆ. ಅಟ್ಟದಲ್ಲಿ ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟಾದರೂ ಜಾಗ ಉಳಿದಿದ್ದರೆ ಮಾತು ಮುಂದುವರಿಯುತ್ತದೆ. ಇಲ್ಲದಿದ್ದರೆ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅಂದು ಎದ್ದುಬಿಡುತ್ತಾರೆ. ನಮ್ಮಪ್ಪ ಹೊರ ಊರಿನವರು, ಅವರಿಗೆ ಇದು ಗೊತ್ತಿರಲಿಲ್ಲ. ಹುಡುಗನನ್ನಷ್ಟೇ ನೋಡಿ ಒಪ್ಪಿಬಿಟ್ಟರು. ಮದುವೆಯಾಗಿ ಬಂದ ವಾರದಲ್ಲಿ ನಾನು ಹಲ್ಲು ಮುರಿದ ಬಾಚಣಿಗೆಯೊಂದನ್ನು ಹಿತ್ತಿಲಾಚೆ ಎಸೆದೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದರೆ ಅದು ಹೊಸ್ತಿಲ ಮೇಲಿತ್ತು. ಮಾರನೆಯ ದಿನ ಹಳ್ಳದ ತನಕ ನಡೆದುಹೋಗಿ ಆಚೆ ದಡಕ್ಕೆ ಬೀಸಿ ಬಂದೆ. ಮತ್ತೆ ಹೊಸ್ತಿಲ ಮೇಲೆ, ಈ ಸಲ ಒದ್ದೆಯಾಗಿ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟು, "ಪಾಪ, ಅದನ್ನ ಯಾಕವ್ವ ಅಷ್ಟು ದೂರ ಓಡಾಡಿಸ್ತೀಯ" ಅಂದರು.

ನಮ್ಮೂರಿನ ಪದ್ಧತಿಯೇ ಅದು. ಬಿಸಾಕಿದ್ದು ಬೆಳಗಾಗುವುದರೊಳಗೆ ಬಿಸಾಕಿದವರ ಮನೆಗೆ ವಾಪಸ್ ಬರುತ್ತದೆ. ಅದು ಶಾಶ್ವತವಾಗಿ ಹೋಗಬೇಕೆಂದರೆ ಇನ್ನೊಬ್ಬರು "ನನಗೆ ಬೇಕು, ಕೊಡಿ" ಅಂತ ಕೇಳಿ ತೆಗೆದುಕೊಳ್ಳಬೇಕು, ಮತ್ತು ಅವರಿಗೆ ನಿಜವಾಗಿಯೂ ಬೇಕಾಗಿರಬೇಕು. ದಾಕ್ಷಿಣ್ಯಕ್ಕೆ ತೆಗೆದುಕೊಂಡದ್ದು ಉಳಿಯುವುದಿಲ್ಲ. ಸಿಪ್ಪೆ ಸೊಪ್ಪಿನ ಚಿಂತೆ ನಮಗಿಲ್ಲ, ಮೇಕೆ ಎಮ್ಮೆಗಳಿಗೆ ಅದು ಮನಸಾರೆ ಬೇಕು. ಬೂದಿ ಪಾತ್ರೆ ತಿಕ್ಕುವವರಿಗೆ ಬೇಕು. ಸತ್ತವರ ವಿಷಯದಲ್ಲೂ ತೊಂದರೆಯಿಲ್ಲ, ಮಣ್ಣು ಯಾರನ್ನೂ ಬೇಡ ಅನ್ನುವುದಿಲ್ಲ. ಕಷ್ಟವೆಲ್ಲ ಕಿವಿ ಮುರಿದ ಬಾಣಲೆ, ಒಂಟಿ ಚಪ್ಪಲಿ, ಗಂಟಲು ಕಟ್ಟಿದ ರೇಡಿಯೋ, ಇಂಥವುಗಳದ್ದು. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಹೊರಗಿನಿಂದ ಬಂದಳೆಂದರೆ ಪ್ರತಿ ಮನೆಯಲ್ಲೂ ಅವಳಿಗೆ ಕಾಫಿ, ಕೂರಲು ಚಾಪೆ. ಯಾರ ಸೀರೆಯನ್ನು ಅವಳು ಪಕ್ಕಕ್ಕೆ ಸರಿಸುತ್ತಾಳೋ ಆ ಮನೆಯಲ್ಲಿ ಅವತ್ತು ಒಗ್ಗರಣೆಯ ಸದ್ದೂ ಕೇಳುವುದಿಲ್ಲ.

ಇಂಥ ಊರಲ್ಲಿ ಹರಾಜು ಕೂಗುವವರಿಗೆ ಎಂಥ ಮರ್ಯಾದೆ ಇರಬೇಕು, ನೀವೇ ಯೋಚಿಸಿ. ಸಣ್ಣೀರಪ್ಪನವರು ಬೆಲ್ಲದ ಮಂಡಿಯಲ್ಲಿ ಹರಾಜು ಕೂಗಿ ಕೂಗಿಯೇ ಮುದುಕರಾದವರು. ಮಂಡಿ ಮುಗಿದ ಮೇಲೆ ಜನ ಅವರನ್ನು ಮನೆಮನೆಗೆ ಕರೆದೊಯ್ಯುತ್ತಿದ್ದರು. ಒಂಟಿ ಕಿವಿಯ ಬಾಣಲೆಯನ್ನು ಎತ್ತಿ ಹಿಡಿದು, "ಎರಡು ಕಿವಿ ಇರೋದಕ್ಕೆ ಎರಡು ಕೈ ಬೇಕು. ಇದಾದ್ರೆ ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಕೂಸು. ಯಾವ ತಾಯಿಗೆ ಬೇಕ್ರವ್ವ" ಅಂತ ಕೂಗಿದರೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕೈ ಚಾಚುತ್ತಿದ್ದರು. ಅಲ್ಲಿ ದುಡ್ಡಿನ ಮಾತೇ ಇಲ್ಲ, ಯಾರಿಗೆ ಹೆಚ್ಚು ಬೇಕು ಅನ್ನುವುದೇ ಸವಾಲು. ಅವರು ದಾಟಿಸಿದ ಸಾಮಾನು ಒಂದೂ ಹಿಂದಿರುಗಿದ್ದಿಲ್ಲ. ಮಂಡಿಯ ಕೆಲಸ ಬಿಟ್ಟ ಮೇಲೂ ದನಿ ಮಾತ್ರ ಹಾಗೇ ಇತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೆ ಮುಂದಿನ ಬೀದಿಯವರು ಉಪ್ಪು ಹಿಡಿದು ಬರಬೇಕು, ಹಾಗೆ.

ನನ್ನದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಅರ್ಜಿ, ನಾಮಫಲಕ, ಏನು ಬೇಕಾದರೂ ಮಾಡಿಕೊಡುತ್ತೇನೆ. ಕಂಪ್ಯೂಟರು ಹಳೆಯದು. ಬೆನ್ನಿನಲ್ಲಿ ಗೂನಿರುವ ಮಾನಿಟರು, ಪಕ್ಕದ ತಗಡು ಬಿಚ್ಚಿಟ್ಟ ಸಿಪಿಯು, ಅದಕ್ಕೆ ಗಾಳಿ ಹಾಕಲು ಒಂದು ಟೇಬಲ್ ಫ್ಯಾನು. ಬೆಳಿಗ್ಗೆ ಗುಂಡಿ ಒತ್ತಿ ಮನೆಗೆ ಹೋಗಿ, ಅನ್ನಕ್ಕಿಟ್ಟು, ಗಂಜಿ ಬಸಿದು ಬಂದರೆ ಆಗ ಅದು ಕಣ್ಣು ಬಿಟ್ಟಿರುತ್ತಿತ್ತು. ನಮ್ಮೂರಿನ ಪದ್ಧತಿ ಕಂಪ್ಯೂಟರಿಗೂ ತಪ್ಪಲಿಲ್ಲ. ಡಿಲೀಟ್ ಮಾಡಿದ ಫೈಲು ಮಾರನೆಯ ದಿನ ಪರದೆಯ ನಡುಮಧ್ಯೆ ಬಂದು ಕೂತಿರುತ್ತಿತ್ತು. ನಾನು ಅದನ್ನು ಎತ್ತಿ ಯಾವುದಾದರೂ ಮೂಲೆಗೆ ತುರುಕುತ್ತಿದ್ದೆ, ಮನೆಯಲ್ಲಿ ಮಾಡುವಂತೆಯೇ.

ಹಿಂದಿನ ಬೇಸಿಗೆಯಲ್ಲಿ ಸಣ್ಣೀರಪ್ಪನವರಿಗೆ ಕಾಮಾಲೆಯಾಗಿ, ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಅವತ್ತೇ ಮಧ್ಯಾಹ್ನ ಅವರ ಹಿರಿಮಗ ತಿಪ್ಪೇಶ ನನ್ನ ಅಂಗಡಿಗೆ ಬಂದ. ಅಳು ಮುಖ ಮಾಡಿಕೊಂಡೇ, "ಅಕ್ಕ, ಮುಂಚೇನೇ ರೆಡಿ ಇದ್ರೆ ಒಳ್ಳೇದು. ಆ ಹೊತ್ತಿಗೆ ಕರೆಂಟ್ ಇರುತ್ತೋ ಇಲ್ವೋ" ಅಂದ. ಶ್ರದ್ಧಾಂಜಲಿ ಬ್ಯಾನರು, ವೃತ್ತದಲ್ಲಿ ಕಟ್ಟುವಷ್ಟು ದೊಡ್ಡದು. ಅವನು ಹೋದ ಮೇಲೆ ಎರಡನೆಯವನು ಬಂದು ಮಂಡಿ ಹಮಾಲರ ಸಂಘದ ಹೆಸರಿನಲ್ಲಿ ಇನ್ನೊಂದು ಮಾಡಿಸಿದ. ಕಿರಿಯವನು ಬಂದು, ಅಣ್ಣಂದಿರದರಲ್ಲಿ ದೀಪ ಒಂದೇ ಇದೆ, ನನ್ನದರಲ್ಲಿ ಎರಡಿರಲಿ ಅಂದ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಸಣ್ಣೀರಪ್ಪನವರು ಹಾಸಿಗೆಯಲ್ಲಿ ಎದ್ದು ಕೂತು ಮುದ್ದೆ ಕೇಳಿದರಂತೆ. ತಿಪ್ಪೇಶ ಓಡಿ ಬಂದ. "ಅಕ್ಕ, ಅಳಿಸ್ಬಿಡಿ. ಅಪ್ಪನ ಕಿವಿಗೆ ಬಿದ್ರೆ ನನ್ನ ಚರ್ಮ ಸುಲೀತಾರೆ."

ಅವನ ಎದುರಿಗೇ ಅಳಿಸಿದೆ. ಬೆಳಿಗ್ಗೆ ಮೂರೂ ವಾಪಸ್ ಬಂದಿದ್ದವು. ಅವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಯಾರಿಗೂ ಸಂಶಯ ಬಾರದಿರಲಿ ಅಂತ "ಬೆಲ್ಲ" ಅಂತ ಹೆಸರಿಟ್ಟು, ತಿಪ್ಪೇಶನಿಗೆ ಮಾತ್ರ ಹೇಳಿದೆ. ಊರಲ್ಲಿ ಇಷ್ಟು ಹೆಸರುಗಳಿರುವಾಗ ನನಗೆ ಆ ಹೆಸರೇ ಯಾಕೆ ಹೊಳೆಯಿತೋ, ಆ ದೇವರಿಗೇ ಗೊತ್ತು.

ಈ ವರ್ಷ ತಿಪ್ಪೇಶನ ಮಗಳು ಹಂಸವೇಣಿಯ ಲಗ್ನ ಗೊತ್ತಾಯಿತು. ಅಜ್ಜ ತಾನೇ ಪತ್ರಿಕೆ ಮಾಡಿಸುತ್ತೇನೆಂದು ಮಗನನ್ನು ಹಿಂದಿಟ್ಟುಕೊಂಡು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಗಣಪತಿ ಹಾಕಿದೆ, ಮುಹೂರ್ತ ಹಾಕಿದೆ, ಬಳ್ಳಿ ಹಾಕಿದೆ. ಸೇವ್ ಒತ್ತಿದರೆ ಡಿಸ್ಕ್ ತುಂಬಿದೆ, ಜಾಗ ಇಲ್ಲ ಅಂತ ಬಂತು. ಮತ್ತೆ ಒತ್ತಿದೆ. ಅದೇ ಉತ್ತರ, ಈ ಸಲ ಗಂಟೆ ಬಾರಿಸಿ.

ಪಕ್ಕದೂರಿನ ಮೆಕ್ಯಾನಿಕ್ ಇಲಿಯಾಸನಿಗೆ ಫೋನು ಹಚ್ಚಿದೆ. ಅವನು ಹೇಳಿದ: "ಅಕ್ಕ, ನಿಮ್ಮದು ಹಳೇ ಡಬ್ಬ. ಫೈಲುಗಳೆಲ್ಲ ಚೂರುಚೂರಾಗಿ ಬಿದ್ದಿರ್ತವೆ. ತಲೆ ಒಂದು ಕಡೆ, ಬಾಲ ಒಂದು ಕಡೆ. ಹುಡುಕಿ ಜೋಡಿಸೋದರಲ್ಲೇ ಅದರ ಆಯುಸ್ಸು ಹೋಗ್ತಿದೆ. ಬೇಡದ್ದೆಲ್ಲ ಅಳಿಸಿ, ಆಮೇಲೆ ಡಿಫ್ರಾಗ್ ಹಾಕಿ. ಚೂರುಗಳನ್ನೆಲ್ಲ ಅದೇ ಒಂದು ಕಡೆ ಸೇರಿಸುತ್ತೆ."

"ಅಳಿಸದೇ ಹಂಗೇ ಸೇರಿಸೋಕಾಗಲ್ವಾ?"

"ಹೆಂಗಾಗುತ್ತಕ್ಕ. ತುಂಬಿದ ಕೋಣೆಯಲ್ಲಿ ಬೀರು ಸರಿಸಬೇಕು ಅಂದ್ರೆ ಒಂದಿಷ್ಟು ನೆಲ ಖಾಲಿ ಬೇಡ್ವಾ? ಡಿಲೀಟ್ ಹೊಡೀರಿ, ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ ಅವನ ಊರಿನಲ್ಲಿ. ನಾನು ಫೋನಿಟ್ಟು, "ಯಜಮಾನ್ರೇ, ಪತ್ರಿಕೆ ಪಕ್ಕದೂರಲ್ಲಿ ಮಾಡಿಸ್ಕೊಳ್ಳಿ" ಅಂದೆ. ಹಂಸವೇಣಿಯ ಪತ್ರಿಕೆ ಹೊರಗೆ ಹೋಯಿತೆಂದರೆ ಮುಂದಿನ ಮದುವೆಗಳೂ ಅದರ ಹಿಂದೆಯೇ ಹೋಗುತ್ತವೆ, ಈ ಡಬ್ಬ ಮಾತ್ರ ನನ್ನ ಜೊತೆ ಉಳಿಯುತ್ತದೆ. ಇಂಥದ್ದನ್ನು ಬೇಕು ಅನ್ನುವವರು ಯಾರು?

ಸಣ್ಣೀರಪ್ಪನವರು ತುಂಬ ಹೊತ್ತು ಪರದೆ ನೋಡಿದರು. "ಅಂದ್ರೆ, ಒಳಗಿರೋ ಸಾಮಾನು ಬೇರೆಯವರಿಗೆ ದಾಟಿಸಬೇಕು. ಅಷ್ಟೇ ತಾನೆ?" ಅಂದರು. ಕಾಮಾಲೆಯಾದ ಮೇಲೆ ಅವರ ಮುಖದಲ್ಲಿ ಅಷ್ಟು ಬೆಳಕು ನಾನು ನೋಡಿರಲಿಲ್ಲ. ಅವರ ಹಿಂದೆ ನಿಂತಿದ್ದ ತಿಪ್ಪೇಶನ ಮುಖದ ಬೆಳಕು ಅದೇ ಹೊತ್ತಿಗೆ ಆರಿತು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹರಾಜು ಶುರುವಾಯಿತು. ನಾನು ಒಳಗಿನಿಂದ ಒಂದೊಂದೇ ಫೈಲಿನ ವಿವರ ಹೇಳುವುದು, ಅವರು ಅದಕ್ಕೆ ಬಣ್ಣ ಕಟ್ಟಿ ಹೊರಗೆ ಕೂಗುವುದು. ಬೇಕು ಅಂದವರಿಗೆ ಪ್ರಿಂಟ್ ಹಾಕಿ ಕೊಡುತ್ತಿದ್ದೆ, ದೊಡ್ಡದಾದರೆ ಸೀಡಿಗೆ ತುಂಬಿ. ಅಟ್ಟದಲ್ಲಿದ್ದ ಖಾಲಿ ಸೀಡಿಗಳ ಡಬ್ಬಗಳೂ ಆ ನೆಪದಲ್ಲಿ ಖಾಲಿಯಾಗತೊಡಗಿದವು. ವರ್ತಕರ ಸಂಘದ ಅಧ್ಯಕ್ಷರು ಬರೆಸಿದ್ದ ಸ್ವಾಗತ ಭಾಷಣಗಳ ರಾಶಿಯನ್ನು, ನಿದ್ದೆ ಬಾರದೆ ಒದ್ದಾಡುತ್ತಿದ್ದ ಹಿಟ್ಟಿನ ಗಿರಣಿಯ ಗುರುಬಸಯ್ಯ ತೆಗೆದುಕೊಂಡರು. ಮಾರನೆಯ ದಿನ ಅವರು ಗಿರಣಿಯನ್ನೇ ತಡವಾಗಿ ತೆಗೆದರು. "ನಾಯಿ ಇದೆ ಎಚ್ಚರಿಕೆ" ಎಂಬ ಫಲಕದ ನಮೂನೆಗಳಿಗೆ ಇಬ್ಬರು ಹೆಂಗಸರು ಪೈಪೋಟಿ ಮಾಡಿದರು. ಇಬ್ಬರ ಮನೆಯಲ್ಲೂ ನಾಯಿಯಿಲ್ಲ. ಎಮ್ಮೆ ಕಳೆದಿದೆ ಎಂಬ ಪ್ರಕಟಣೆಯನ್ನು ಎಮ್ಮೆಯ ಯಜಮಾನನೇ ಬಂದು ಕೇಳಿದ. ಎಮ್ಮೆ ಅವತ್ತೇ ಸಿಕ್ಕಿತ್ತಂತೆ, ಆದರೆ ಈಗಿನದಕ್ಕಿಂತ ಆಗಿನ ಫೋಟೋದಲ್ಲಿ ಮೈಕಟ್ಟು ಚೆನ್ನಾಗಿತ್ತಂತೆ.

ಮುರಿದುಬಿದ್ದ ಸಂಬಂಧದ ಒಂದು ಲಗ್ನಪತ್ರಿಕೆ ಇತ್ತು. ಅದನ್ನು ಕೂಗಲು ನನಗೇ ಮನಸ್ಸಿರಲಿಲ್ಲ. ಸಣ್ಣೀರಪ್ಪನವರು ಹುಡುಗಿಯ ಹೆಸರು ಮುಚ್ಚಿಟ್ಟು, "ಅಂಚಿಗೆ ನವಿಲು, ಮೇಲೆ ಕಳಶ, ಹುಡುಗನ ಹೆಸರು ಕೊಟ್ರೇಶ" ಅಂದರಷ್ಟೆ. ಸೈಕಲ್ ಶಾಪಿನ ಕೊಟ್ರೇಶಿ ಪಂಕ್ಚರ್ ಹಾಕುತ್ತಿದ್ದವನು ಟ್ಯೂಬು ಕೈಯಲ್ಲೇ ಹಿಡಿದು ಎದ್ದು ಬಂದ. ಅವನ ಕಿವಿಯ ಹತ್ತಿರ ಆಗಲೇ ನರೆ ಬಂದಿತ್ತು. "ಅದು ನನಗಿರಲಿ ಯಜಮಾನ್ರೇ. ಹುಡುಗಿ ಹೆಸರಿನ ಜಾಗ ಮಾತ್ರ ಬಿಟ್ಟು ಕೊಡಿ. ಒಂದು ಕೆಲಸ ಮುಂಚೆ ಮುಗಿದಿರುತ್ತೆ" ಅಂದ. ಯಾರೂ ನಗಲಿಲ್ಲ. ನಾನು ಅವನಿಗೆ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿ ಕೊಟ್ಟೆ.

ಟೆಂಪ್ ಫೈಲುಗಳು ಅಂತ ಒಂದು ದೊಡ್ಡ ಗುಂಪಿತ್ತು. ಒಳಗೆ ಏನಿದೆ ಅಂತ ಕೂಗಲು ಏನೂ ಇರಲಿಲ್ಲ. "ಇವೇನವ್ವ?" ಅಂತ ಕೇಳಿದರು. "ತಾತ್ಕಾಲಿಕದವು ಯಜಮಾನ್ರೇ. ಯಾವುದೋ ಕೆಲಸಕ್ಕೆ ಅಂತ ಬಂದವು, ಕೆಲಸ ಮುಗಿದ್ರೂ ಹೋಗದೇ ಉಳ್ಕೊಂಡವು" ಅಂದೆ. ಅವರು ಅದನ್ನೇ ಅಷ್ಟೇ ಸರಳವಾಗಿ ಕೂಗಿದರು. ಜನರ ಹಿಂದಿನಿಂದ ಪ್ರೌಢಶಾಲೆಯ ಮೇಷ್ಟ್ರು ಕರಿಸಿದ್ದಪ್ಪ ಮುಂದೆ ಬಂದರು. ಅವರು ಆ ಶಾಲೆಯಲ್ಲಿ ತಾತ್ಕಾಲಿಕ ನೇಮಕದಲ್ಲಿ ಸೇರಿ, ಅದರಲ್ಲೇ ಉಳಿದು, ತಮ್ಮ ಮೊದಲ ವಿದ್ಯಾರ್ಥಿಗಳ ಮಕ್ಕಳಿಗೆ ಈಗ ಪಾಠ ಹೇಳುತ್ತಿದ್ದರು. "ಎಲ್ಲಾನೂ ನನಗೆ ಕೊಡಿ ತಾಯಿ. ಅವುಗಳ ಕಷ್ಟ ನನಗೆ ಗೊತ್ತು" ಅಂದರು. ಒಂದೂ ವಾಪಸ್ ಬರಲಿಲ್ಲ.

ತಿಪ್ಪೇಶ ಮಾತ್ರ ಏನಾದರೊಂದು ನೆಪ ಮಾಡಿಕೊಂಡು ಹಿಂಬಾಗಿಲಿನಿಂದ ಬಂದು, "ಅಕ್ಕ, ಬೆಲ್ಲ ಭದ್ರ ತಾನೆ?" ಅಂತ ಪಿಸುಗುಟ್ಟಿ ಹೋಗುತ್ತಿದ್ದ. ಅವನಿಗೆ ಧೈರ್ಯ ಹೇಳಿ ಹೇಳಿ ನನಗೇ ಸಾಕಾಗಿತ್ತು. ಅಷ್ಟೊತ್ತಿಗೆ ಮೂಲೆಮೂಲೆಯದ್ದೆಲ್ಲ ಖಾಲಿಯಾದರೂ, ಡಿಫ್ರಾಗ್ ಒತ್ತಿದರೆ ಅದು ಇನ್ನೂ ಸ್ವಲ್ಪ ಜಾಗ ಬೇಕು ಅನ್ನುತ್ತಿತ್ತು.

"ಎಲ್ಲಕ್ಕಿಂತ ತೂಕದ್ದು ಯಾವುದು, ಅದನ್ನ ನೋಡು" ಅಂತ ಸಣ್ಣೀರಪ್ಪನವರು ಒಳಗೆ ಬಂದು ನನ್ನ ಭುಜದ ಹಿಂದೆ ನಿಂತರು. ನಾನು ಬೇರೆ ಕಡೆ ಒತ್ತುವಷ್ಟರಲ್ಲಿ ಅವರ ಬೆರಳು ಪರದೆ ಮುಟ್ಟಿತ್ತು. "ಇದೇನವ್ವ, ಬೆಲ್ಲ ಅಂತಿದೆ?"

"ಅದು ನಮ್ಮನೇದು ಯಜಮಾನ್ರೇ. ಹೋಳಿಗೆ ಮಾಡೋ ವಿಧಾನ."

"ಹೋಳಿಗೆ ಇಷ್ಟು ತೂಕ ಬರಲ್ಲ. ಬೆಲ್ಲ ಅಂದ್ರೆ ನನ್ನ ಕಸುಬು. ತೆಗಿ, ಯಾವ ಮಾಲು ನೋಡೋಣ."

ದೊಡ್ಡವರು ಎರಡು ಸಲ ಕೇಳಿದ ಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ತೆಗೆದೆ. ಆ ಕಂಪ್ಯೂಟರಿಗೆ ಯಾವ ಚಿತ್ರವನ್ನೂ ಒಂದೇ ಏಟಿಗೆ ತೋರಿಸುವ ಶಕ್ತಿಯಿರಲಿಲ್ಲ, ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಸುತ್ತಿತ್ತು. ಮೊದಲು ಎರಡು ದೀಪದ ಕುಡಿ ಬಂದವು. ಆಮೇಲೆ ಶ್ರದ್ಧಾಂಜಲಿ ಅನ್ನುವ ಅಕ್ಷರ. ಸಣ್ಣೀರಪ್ಪನವರು ಲೊಚಗುಟ್ಟಿ, "ಯಾರೋ ಪಾಪ" ಅಂದರು. ಬಿಳಿ ಕೂದಲು ಇಳಿಯಿತು. ಹಣೆ ಇಳಿಯಿತು. "ಹಣೆ ನೋಡಿದ್ರೆ ನಮ್ಮ ಕಡೆಯವರ ಥರ ಇದಾರೆ" ಅಂದರು. ಹುಬ್ಬು ಬಂತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಣ್ಣು ಬಂತು, ಮೂಗು ಬಂತು. ಮೀಸೆಯ ಹತ್ತಿರ ಕಂಪ್ಯೂಟರು ಸ್ವಲ್ಪ ಹೊತ್ತು ನಿಂತೇಬಿಟ್ಟಿತು. ಹಿಂಬಾಗಿಲಿನಲ್ಲಿ ಆಗ ತಾನೇ ಕಾಲಿಟ್ಟಿದ್ದ ತಿಪ್ಪೇಶ ಹಾಗೇ ಬಗ್ಗಿ ಸಿಪಿಯು ಹಿಂದೆ ಕೂತ.

ಚಿತ್ರ ಪೂರ್ತಿಯಾದ ಮೇಲೆ ಸಣ್ಣೀರಪ್ಪನವರು ಸ್ಟೂಲು ಎಳೆದುಕೊಂಡು ಕೂತು ಮೇಲಿನಿಂದ ಕೆಳಗಿನ ತನಕ ಓದಿದರು. "ಅಜಾತಶತ್ರು ಅಂದ್ರೆ ಏನವ್ವ?"

"ಶತ್ರುಗಳೇ ಇಲ್ಲದವರು ಯಜಮಾನ್ರೇ."

"ಮೆಣಸಿನಕಾಯಿ ಮಂಡಿ ಚನ್ನವೀರಯ್ಯ ಬದುಕಿದಾನಲ್ಲ. ಅವನು ಓದಿದ್ರೆ ಕೋರ್ಟಿಗೆ ಹೋಗ್ತಾನೆ. ತೆಗಿ ಅದನ್ನ." ಇನ್ನೊಂದು ಸಾಲು ಓದಿದರು. "ಕೊಡುಗೈ ದಾನಿ. ಇರಲಿ, ಇದು ಇರಲಿ. ಮೊಮ್ಮಗಳ ಹೆಸರಲ್ಲಿ ಸೊನ್ನೆ ಬಿಟ್ಟುಹೋಗಿದೆ, ಹಸವೇಣಿ ಅಂತ ಆಗಿದೆ ನೋಡು. ತಿಪ್ಪೇಶ, ಆ ಡಬ್ಬದ ಹಿಂದಿಂದ ಈಚೆ ಬಾರೋ. ನೀವು ಯಾರೂ ಪ್ರೂಫ್ ನೋಡಿರಲಿಲ್ವೇನ್ರೋ?"

ತಿಪ್ಪೇಶ ಈಚೆ ಬಂದು ತಲೆ ತಗ್ಗಿಸಿ, "ಆಗ ಗಾಬರಿಯಲ್ಲಿದ್ವಪ್ಪ" ಅಂದ.

ಸಣ್ಣೀರಪ್ಪನವರು ಜೋರಾಗಿ ನಕ್ಕರು. ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಅವರು ಎದ್ದು ನಿಂತು, ಬ್ಯಾನರಿನ ಕಡೆ ಕೈ ತೋರಿಸಿ, ಮಂಡಿಯ ದನಿಯಲ್ಲೇ ಕೂಗಿದರು: "ಒಂದು ಆಳು, ಹಳೇದು, ಮಾತು ಜಾಸ್ತಿ, ಹಲ್ಲು ಕಡಿಮೆ. ಯಾರಿಗೆ ಬೇಕು?" ಎಲ್ಲರೂ ನಕ್ಕರು, ಒಬ್ಬರೂ ಕೈ ಎತ್ತಲಿಲ್ಲ. "ಹಂಗಾದ್ರೆ ಒಂದು ಸಲ, ಎರಡು ಸಲ, ಮೂರು ಸಲ, ನನಗೇ" ಅಂದರು. ನಾನು ಸೀಡಿಗೆ ತುಂಬಿ ಅವರ ಕೈಗೆ ಕೊಟ್ಟು, ಬೆಲ್ಲವನ್ನು ಅಳಿಸಿದೆ.

ಬೆಳಿಗ್ಗೆ ಅದು ಪರದೆಯ ನಡುವೆ ಇತ್ತು.

ಸಣ್ಣೀರಪ್ಪನವರು, ತಮಾಷೆ ಮಾಡಿದ್ದಕ್ಕೆ ಹೀಗಾಯಿತು ಅಂದು, ಈ ಸಲ ಕೈಕಾಲು ತೊಳೆದು ಬಂದು, ನಗದೇ, "ನನಗೆ ಬೇಕು, ಕೊಡು" ಅಂತ ಕೇಳಿ ತೆಗೆದುಕೊಂಡರು. ಅದರ ಮಾರನೆಯ ಬೆಳಿಗ್ಗೆಯೂ ಅದು ಅಲ್ಲೇ ಇತ್ತು. ಅವರ ಕೈಯಿಂದ ದಾಟಿದ ಮಾಲು ಹಿಂದಿರುಗಿ ಬಂದದ್ದು ಅದೇ ಮೊದಲು. ಸುದ್ದಿ ನಾನು ಹೇಳುವ ಮೊದಲೇ ಊರಿಗೆ ಗೊತ್ತಾಯಿತು. ಕಟ್ಟೆಯ ಹತ್ತಿರ ಸೇರಿದ್ದವರು ಒಬ್ಬರನ್ನೊಬ್ಬರು ನೋಡದೆ ಕರಗಿದರು.

ಅವತ್ತು ಸಂಜೆ ಗಂಡುಮಕ್ಕಳು ಮೂವರೂ ಬಂದರು. ಬಂದ ಕಾರಣ ಮೊದಲು ನನಗೆ ತಿಳಿಯಲಿಲ್ಲ. ಒಬ್ಬೊಬ್ಬರಾಗಿ, "ನನಗೆ ಬೇಕು, ಕೊಡಿ" ಅಂತ ತಾವು ಮಾಡಿಸಿದ ಬ್ಯಾನರನ್ನು ಕೇಳಿ ತೆಗೆದುಕೊಂಡು ಹೋದರು. ಬೆಳಿಗ್ಗೆ ನಾನು ಬಾಗಿಲು ತೆಗೆಯುವುದಕ್ಕೇ ಕಾದಿದ್ದು, ಮೂರೂ ವಾಪಸ್ ಬಂದಿರುವುದನ್ನು ಕಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. "ನೋಡಿದ್ರಾ ಅಕ್ಕ, ನಮಗೆ ಬೇಡ ಅಂತ ಸಾಬೀತಾಯ್ತು" ಅಂತ ತಿಪ್ಪೇಶ ಪರದೆಯ ಫೋಟೋ ಹೊಡೆದುಕೊಂಡ, ಅಪ್ಪನಿಗೆ ತೋರಿಸಲು. ಕಿರಿಯವನು ತನ್ನದನ್ನು ಬೇರೆಯಾಗಿ ಹೊಡೆದುಕೊಂಡ. ಅವರ ಸಂತೋಷ ಅವರಿಗೆ, ನನ್ನ ಡಿಸ್ಕಿನಲ್ಲಿ ಮಾತ್ರ ಜಾಗ ಹಾಗೇ ತುಂಬಿತ್ತು. ಲಗ್ನಕ್ಕೆ ದಿನ ಹತ್ತಿರವಾಗುತ್ತಿತ್ತು, ಪತ್ರಿಕೆಯ ಗಣಪತಿಯನ್ನು ದಿನಾ ಹೊಸದಾಗಿ ಹಾಕಿದರೂ ಸೇವ್ ಆಗುತ್ತಿರಲಿಲ್ಲ.

ಸಣ್ಣೀರಪ್ಪನವರು ಅವತ್ತು ಬರಲಿಲ್ಲ. ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ಹಜಾರದಲ್ಲಿ ಸಾಮಾನುಗಳ ನಡುವೆ ಒಬ್ಬರು ಕೂರುವಷ್ಟು ಜಾಗ ಮಾಡಿಕೊಂಡು ಕೂತಿದ್ದರು. ಅವರ ಹೆಂಡತಿ ಓಬಮ್ಮನವರು ಅಡಿಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದರು. ಆ ತಾಯಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಆ ಮನೆಯ ಮಾತನ್ನೆಲ್ಲ ಗಂಡನೇ ಆಡಿ ಮುಗಿಸುತ್ತಿದ್ದರು.

"ವಿಶಾಲವ್ವ," ಅಂದರು ಸಣ್ಣೀರಪ್ಪನವರು, ನನಗೆ ಮಾತ್ರ ಕೇಳುವ ದನಿಯಲ್ಲಿ. ಅವರಿಗೆ ಅಂಥ ದನಿಯೂ ಇದೆ ಅಂತ ನನಗೆ ಗೊತ್ತಿರಲಿಲ್ಲ. "ತಗಡು, ತುಕ್ಕು, ತೂತು ಕೊಡ, ಎಲ್ಲಾನೂ ಊರಿಗೆ ಬೇಕು ಅನ್ನಿಸಿದೆ. ಇದೊಂದನ್ನ ಮಾತ್ರ ನನಗೇ ಬೇಕು ಅನ್ನಿಸ್ಕೊಳ್ಳೋಕೆ ಆಗ್ತಿಲ್ಲ. ನಗ್ತೀನಿ, ಕೂಗ್ತೀನಿ. ಒಳಗೆ ಮಾತ್ರ ಬೇಡ ಬೇಡ ಅ‍ನ್ನುತ್ತೆ. ಇನ್ನೂ ಒಂದಿಷ್ಟು ದಿನ ಇರಬೇಕು ಕಣವ್ವ ನನಗೆ. ಈ ವಯಸ್ಸಿನಲ್ಲಿ ಹಂಗಂತ ಹೇಳ್ಕೊಳ್ಳೋಕೂ ನಾಚಿಕೆ."

"ಅದರಲ್ಲೇನು ನಾಚಿಕೆ" ಅಂದೆ. ಮೊರದ ಸದ್ದು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ಮಾರನೆಯ ದಿನ ನಾನು ಅಂಗಡಿಯ ಕಸ ಗುಡಿಸುತ್ತಿರುವಾಗಲೇ ಓಬಮ್ಮನವರು ಬಂದರು. ಸೆರಗು ಹೊದ್ದುಕೊಂಡು, ಒಬ್ಬರೇ. ಬೀದಿಯವರಿಗೆ ಅದೇ ಒಂದು ಸುದ್ದಿ. ಅವರು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಬಾಗಿಲಿನ ತುಂಬ ಜನ, ಅವರ ಹಿಂದೆ ಸಣ್ಣೀರಪ್ಪನವರೂ ಏದುಸಿರು ಬಿಡುತ್ತಾ ಬಂದು ನಿಂತರು.

"ಅದನ್ನ ತೆಗಿಯವ್ವ, ನೋಡ್ತೀನಿ" ಅಂದರು ಓಬಮ್ಮ.

ತೆಗೆದೆ. ಅದು ನಿಧಾನವಾಗಿ ಇಳಿಯಿತು. ದೀಪ, ಅಕ್ಷರ, ಕೂದಲು, ಹಣೆ. ಓಬಮ್ಮನವರು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಲೆಯ ಮೇಲೆ ಹಾಲಿಟ್ಟು ನೋಡುವ ಹಾಗೆ ನೋಡಿದರು. ಪೂರ್ತಿಯಾದ ಮೇಲೂ ಸ್ವಲ್ಪ ಹೊತ್ತು ನೋಡಿದರು. "ನನಗೆ ಬೇಕು ಇದು. ಮೂರೂ ಕೊಡು" ಅಂದರು.

"ಏನೇ ಇದು," ಅಂದರು ಸಣ್ಣೀರಪ್ಪನವರು. ಅವರ ಮುಖ ಬಿಳುಚಿಕೊಂಡಿತ್ತು. "ನಿನಗೆ ಯಾತಕ್ಕೆ?"

ಓಬಮ್ಮನವರು ತಿರುಗಿ ನೋಡದೇ ಹೇಳಿದರು: "ಮದುವೆ ಆದಾಗಿಂದ ನೋಡ್ತಿದೀನಿ, ನಿಮ್ಮ ಒಂದು ಫೋಟೋದಲ್ಲಾದ್ರೂ ಬಾಯಿ ಮುಚ್ಚಿಲ್ಲ. ಇದರಲ್ಲಿ ಮುಚ್ಚಿದೀರಿ."

ಬಾಗಿಲಲ್ಲಿದ್ದವರು ನಕ್ಕ ನಗೆಗೆ ಟೇಬಲ್ ಫ್ಯಾನಿನ ಸದ್ದು ಕೇಳದಾಯಿತು. ಸಣ್ಣೀರಪ್ಪನವರಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ನಗು ಅಡಗುವ ತನಕ ಓಬಮ್ಮನವರು ಕಾದರು. ಆಮೇಲೆ ನನಗೆ ಹೇಳುವಂತೆ, ಆದರೆ ಗಂಡನಿಗೆ ಕೇಳುವಂತೆ, "ಇದು ಊರಿನವರ ಕೈಯಲ್ಲಿದ್ರೆ ಯಾವತ್ತಾದ್ರೂ ಒಂದು ದಿನ ಕಟ್ಟೇಬಿಡ್ತಾರೆ. ನನ್ನ ಟ್ರಂಕಿನ ತಳದಲ್ಲಿ ಇಟ್ಕೋತೀನಿ. ಅಲ್ಲಿಂದ ಏನೂ ಮೇಲಕ್ಕೆ ಬಂದಿದ್ದಿಲ್ಲ. ಇದು ಹೆಂಗೆ ಬರುತ್ತೋ ನಾನೂ ನೋಡ್ತೀನಿ" ಅಂದರು.

ಕೊಟ್ರೇಶಿ ಹೆಗಲ ಮೇಲಿನ ಟ್ಯೂಬಿನಲ್ಲಿ ಮುಖ ಒರೆಸಿಕೊಂಡ. ನಾನು ಮೂರನ್ನೂ ಪ್ರಿಂಟ್ ಹಾಕಿ, ಸೀಡಿಗೂ ತುಂಬಿ ಕೊಟ್ಟು, ಬೆಲ್ಲವನ್ನು ಮತ್ತೆ ಅಳಿಸಿದೆ. ಓಬಮ್ಮನವರು ಕಾಗದಗಳನ್ನು ಸೀರೆ ಮಡಿಸುವಂತೆ ನಾಲ್ಕು ಮಡಿಕೆ ಮಾಡಿ ಸೆರಗಿನೊಳಗೆ ಇಟ್ಟುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಕಂಪ್ಯೂಟರು ಕಣ್ಣು ಬಿಡುವುದಕ್ಕೆ ಓಣಿಯ ಅರ್ಧ ಜನ ಕಾಯುತ್ತಿದ್ದರು. ಪರದೆಯ ಮೇಲೆ ಬೆಲ್ಲ ಇರಲಿಲ್ಲ. ಮೂಲೆಗಳಲ್ಲಿ ಹುಡುಕಿದೆ, ಅಲ್ಲೂ ಇರಲಿಲ್ಲ. ಸಣ್ಣೀರಪ್ಪನವರು ಒಂದು ಸಲ ಗಂಟಲು ಸರಿಮಾಡಿಕೊಂಡು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು, ಮುಂದಿನ ಬೀದಿಗೆ ಕೇಳುವ ಹಾಗೆ ಟೀ ಕೇಳಿದರು.

ಡಿಫ್ರಾಗ್ ಒತ್ತಿದೆ. ಪರದೆಯ ತುಂಬ ಕೆಂಪು ನೀಲಿ ಗೆರೆಗಳು ಒತ್ತೊತ್ತಾಗಿ ನಿಂತವು. ಕೆಂಪೆಲ್ಲ ಚೂರಾದವು, ನೀಲಿ ಒಂದಾದವು, ಬಿಳಿ ಖಾಲಿ ಅಂತ ಇಲಿಯಾಸ ಫೋನಿನಲ್ಲಿ ಹೇಳಿದ. ಅದನ್ನು ನಾನು ಹೇಳಿದೆ, ಸಣ್ಣೀರಪ್ಪನವರು ಹೊರಗಿನವರಿಗೆ ಕೂಗಿ ಹೇಳಿದರು. ಒಂದು ಕೆಂಪು ಗೆರೆ ಮಾಯವಾಗಿ ನೀಲಿಯ ಪಕ್ಕ ಹೋಗಿ ನಿಂತರೆ ಜನ ತಲೆದೂಗುತ್ತಿದ್ದರು. ಅಲ್ಲಲ್ಲಿ ಹಸಿರು ಗೆರೆಗಳಿದ್ದವು, ಅವು ಏನು ಮಾಡಿದರೂ ಅಲುಗಾಡಲಿಲ್ಲ. ಅವು ಮೆಣಸಿನಕಾಯಿ ಮಂಡಿಯವು ಅಂತ ಸಣ್ಣೀರಪ್ಪನವರು ತೀರ್ಪು ಕೊಟ್ಟರು. ಮಧ್ಯಾಹ್ನದ ಊಟಕ್ಕೆ ಸರದಿಯ ಮೇಲೆ ಹೋಗಿ ಬಂದರು. ಹೋಗಿ ಬಂದವರು, "ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದರು. ಕರಿಸಿದ್ದಪ್ಪ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಬಂದು, ಕೆಂಪು ಕಡಿಮೆಯಾಗಿರುವುದು ಕಂಡು, ಪರವಾಗಿಲ್ಲ ಅಂದರು.

ಬಿಸಿಲು ಇಳಿಯುವ ಹೊತ್ತಿಗೆ ಸಿಪಿಯುವಿನ ಕರಕರ ಸದ್ದು ನಿಂತಿತು. ಎಡಗಡೆ ನೀಲಿ ಒಂದು ಒಟ್ಟು ಗೋಡೆಯಂತೆ ನಿಂತಿತ್ತು. ಉಳಿದ ಅಷ್ಟೂ ಬಿಳಿ.

ನಮ್ಮೂರಲ್ಲಿ ಖಾಲಿ ಜಾಗ ಕಂಡವರು ಇಲ್ಲ. ನಮ್ಮ ಮನೆಗಳಲ್ಲಿ ಸಾಮಾನಿನ ಮರೆಗೆ ಗೋಡೆಯ ಬಣ್ಣ ಯಾವುದು ಅನ್ನುವುದೇ ಮರೆತುಹೋಗಿದೆ. ಗುರುಬಸಯ್ಯ ಮೆಲ್ಲಗೆ, "ಇದೆಲ್ಲಾ ಖಾಲಿನಾ?" ಅಂತ ಕೇಳಿದರು. ಹೌದು ಅಂದೆ. ನಾಯಿ ಇಲ್ಲದ ಹೆಂಗಸರಲ್ಲಿ ಒಬ್ಬಳು, "ಅಲ್ಲಿ ನಮ್ಮ ಹಳೇ ರೇಡಿಯೋ ಇಡಬಹುದಾ ಅಕ್ಕ?" ಅಂದಳು. ಆಗಲ್ಲ ಅಂದೆ. "ಬರೀ ಅದರ ತಂತಿ?" ಅಂದಳು. ಅದೂ ಆಗಲ್ಲ ಅಂದೆ. ಅವಳು ಇನ್ನೊಂದು ಸಲ ನೋಡಿ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ದೇವರ ಮುಂದೆ ನಿಲ್ಲುವ ಹಾಗೆ ಒಂದು ಗಳಿಗೆ ನಿಂತು ಹೋದರು. ಹೊರಗೆ ಕಟ್ಟೆಯ ಮೇಲೆ ಸಣ್ಣೀರಪ್ಪನವರು ದಾರಿಯಲ್ಲಿ ಹೋಗುವವರಿಗೆಲ್ಲ ಹಸಿರು ಗೆರೆಗಳ ಕಥೆ ಹೇಳುತ್ತಿದ್ದರು.

ಕೊನೆಗೆ ಓಬಮ್ಮನವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಪತ್ರಿಕೆ ಶುರು ಮಾಡಲು ಮೌಸಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟು, "ಇರಲಿ ಬಿಡವ್ವ, ಒಂದು ಸ್ವಲ್ಪ ಹೊತ್ತು" ಅಂದರು. ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಆ ಬಿಳಿಯನ್ನು ನೋಡುತ್ತಾ ಕೂತೆವು. ಅವರ ಕೈ ಹುರುಳಿಯ ಧೂಳಿನಿಂದ ಒರಟಾಗಿತ್ತು, ಬೆಚ್ಚಗಿತ್ತು. ಹೊರಗಿನ ಮಾತು ಮುಂದುವರಿದೇ ಇತ್ತು. ಎಷ್ಟು ಹೊತ್ತು ಕೂತಿದ್ದೆವೋ, ಆಮೇಲೆ ಓಬಮ್ಮನವರು ನಿಟ್ಟುಸಿರು ಬಿಟ್ಟು ಕೈ ತೆಗೆದರು.

"ಹೂಂ," ಅಂದರು. "ಈಗ ಮದುವೆ ಹಾಕವ್ವ."